ಮನೆಬಳಕೆಯ ಸಿಲಿಕೋನ್: ಸುರಕ್ಷತೆಯ ಪ್ರಶ್ನೆ

ಸಿಲಿಕೋನ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಹರಿಯುವ ಎಣ್ಣೆ, ಜಿಡ್ಡಿನ ಮುಲಾಮು, ಎಳೆದರೆ ಹಿಗ್ಗುವ ರಬ್ಬರು, ಬಳಿದ ಮೇಲೆ ಗಟ್ಟಿಯಾಗುವ ಲೇಪ, ಎಲ್ಲವೂ ಅದೇ ಮನೆತನಕ್ಕೆ ಸೇರಿದವು. ಕುಕ್ಕರ್ ಮುಚ್ಚಳದೊಳಗಿನ ಗ್ಯಾಸ್ಕೆಟ್, ಹಾಲಿನ ಬಾಟಲಿಯ ನಿಪ್ಪಲ್, ದೋಸೆ ಕಾವಲಿಗೆ ಎಣ್ಣೆ ಸವರುವ ಬ್ರಷ್, ಕೇಕಿನ ಅಚ್ಚು, ಮುಟ್ಟಿನ ಕಪ್, ಸಿಂಕಿನ ಅಂಚಿಗೆ ಹಾಕಿಸಿದ ಸೀಲೆಂಟ್, ಕೂದಲಿಗೆ ಹಚ್ಚುವ ಸೀರಮ್, ಹೊಟ್ಟೆಯುಬ್ಬರಕ್ಕೆ ಕುಡಿಯುವ ಔಷಧ, ಇಷ್ಟರಲ್ಲೂ ಸಿಲಿಕೋನ್ ಇರಬಹುದು. ಹಾಗಾಗಿ ‘ಸಿಲಿಕೋನ್ ಸುರಕ್ಷಿತವೇ?’ ಎಂಬ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಉತ್ತರ ಸಾಲದು. ಅದನ್ನು ಹೇಗೆ ತಯಾರಿಸಿದ್ದಾರೆ, ಎಷ್ಟು ಕಾವಿಗೆ ಒಡ್ಡುತ್ತಿದ್ದೇವೆ, ಅದನ್ನು ತಾಗುತ್ತಿರುವುದು ನೀರೋ ಎಣ್ಣೆಯೋ ಎಂದು ಕೇಳಿದಾಗಲೇ ಉತ್ತರ ಸ್ಪಷ್ಟವಾಗುತ್ತದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಸಿಲಿಕಾನ್ ಒಂದು ಮೂಲಧಾತು. ಗಣಕಯಂತ್ರದ ಚಿಪ್ಪುಗಳಿಗೆ ಬೇಕಾದದ್ದು, ಬೆಂಗಳೂರಿಗೆ ‘ಸಿಲಿಕಾನ್ ಸಿಟಿ’ ಎಂಬ ಅಡ್ಡಹೆಸರು ತಂದದ್ದು ಅದು. ಸಿಲಿಕಾ ಎಂದರೆ ಆ ಧಾತು ಆಮ್ಲಜನಕದೊಡನೆ ಸೇರಿ ಆದ ಮರಳು, ಬೆಣಚುಕಲ್ಲು. ಸಿಲಿಕೋನ್ ಮಾತ್ರ ಮನುಷ್ಯ ಮಾಡಿದ್ದು, ಪ್ರಕೃತಿಯಲ್ಲಿ ಇಲ್ಲದ್ದು. ಅಂಗಡಿಯಲ್ಲೂ ಆನ್‌ಲೈನ್ ಜಾಹೀರಾತಿನಲ್ಲೂ ಅಚ್ಚು, ಬ್ರಷ್ಷುಗಳಿಗೆ ‘ಸಿಲಿಕಾನ್’ ಎಂದೇ ಹೇಳುತ್ತಾರೆ. ಕಿಟಕಿ ಕೂರಿಸುವವರು ‘ಸಿಲಿಕಾನ್ ಹೊಡೀಬೇಕು’ ಎನ್ನುತ್ತಾರೆ. ಅವರು ಹೇಳುವುದು ಸಿಲಿಕೋನಿನ ಮಾತನ್ನೇ. ‘ಮರಳಿನಿಂದ ಮಾಡಿದ್ದು, ಆದ್ದರಿಂದ ನೈಸರ್ಗಿಕ’ ಎಂಬ ಮಾರಾಟದ ಮಾತು ಹುಟ್ಟಿರುವುದೂ ಈ ಗೊಂದಲದಿಂದಲೇ. ಕಚ್ಚಾವಸ್ತು ಮರಳಾದ ಮಾತ್ರಕ್ಕೆ ಕೊನೆಗೆ ಸಿಗುವ ವಸ್ತು ಮರಳಿನ ಗುಣದ್ದಾಗಿರುವುದಿಲ್ಲ.

ಹುಟ್ಟು ಮತ್ತು ರಚನೆ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಫ್ರೆಡರಿಕ್ ಸ್ಟಾನ್ಲಿ ಕಿಪ್ಪಿಂಗ್ 20ನೆಯ ಶತಮಾನದ ಆರಂಭದಲ್ಲಿ ಈ ಸಂಯುಕ್ತಗಳನ್ನು ಅಭ್ಯಾಸ ಮಾಡಿ, ಇವುಗಳ ರಚನೆ ಕೀಟೋನುಗಳನ್ನು ಹೋಲುತ್ತದೆಂದು ಭಾವಿಸಿ ‘ಸಿಲಿಕೋನ್’ ಎಂದು ಕರೆದ. ಹೋಲಿಕೆ ತಪ್ಪಾಗಿತ್ತು, ಹೆಸರು ಉಳಿಯಿತು. ಪ್ರಯೋಗಶಾಲೆಯ ಪಾತ್ರೆಗಳಿಗೆ ಅಂಟಿಕೊಳ್ಳುತ್ತಿದ್ದ ಆ ಗೋಂದಿನಂಥ ವಸ್ತುವಿನಿಂದ ದೊಡ್ಡ ಉಪಯೋಗವಾದೀತೆಂದು ಅವನಿಗೆ ಅನಿಸಿರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ಜೇಮ್ಸ್ ಫ್ರಾಂಕ್ಲಿನ್ ಹೈಡ್ ಅದರ ಬಳಕೆಯ ದಾರಿ ಹುಡುಕಿದ. 1940ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಯೂಜೀನ್ ರೋಕೋ, ಅದೇ ಸುಮಾರಿಗೆ ಜರ್ಮನಿಯಲ್ಲಿ ರಿಚರ್ಡ್ ಮುಲ್ಲರ್, ಸಿಲಿಕಾನ್ ಪುಡಿಯ ಮೇಲೆ ಮೀಥೈಲ್ ಕ್ಲೋರೈಡ್ ಅನಿಲ ಹಾಯಿಸಿ ಮೂಲದ್ರವ್ಯ ಪಡೆಯುವ ನೇರ ವಿಧಾನವನ್ನು ಕಂಡುಕೊಂಡರು. 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಸ್ಥಾಪನೆಯಾಯಿತು. ಎತ್ತರದಲ್ಲಿ ಹಾರುವ ಯುದ್ಧವಿಮಾನಗಳ ಎಂಜಿನ್‌ನ ವಿದ್ಯುತ್ ಜೋಡಣೆಗಳಿಗೆ ತೇವ ತಾಗದಂತೆ ಬಳಿಯುವ ಮುಲಾಮು ಅದರ ಮೊದಲ ಸರಕುಗಳಲ್ಲೊಂದು. ಸಿಲಿಕೋನ್ ಅಡುಗೆಮನೆಗೆ ಬಂದದ್ದು ಬಹಳ ತಡವಾಗಿ.

ಸಿಲಿಕೋನಿನ ಬೆನ್ನೆಲುಬು ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್, ಮತ್ತೆ ಆಮ್ಲಜನಕ ಎಂದು ಸಾಗುವ ಸರಪಳಿ. ಪ್ಲಾಸ್ಟಿಕ್ಕಿನ ಬೆನ್ನೆಲುಬು ಇಂಗಾಲದ್ದು. ಸಿಲಿಕಾನ್–ಆಮ್ಲಜನಕದ ಕೊಂಡಿ ಇಂಗಾಲ–ಇಂಗಾಲದ ಕೊಂಡಿಗಿಂತ ಬಲವಾದ್ದರಿಂದ ಕಾವು, ಬಿಸಿಲು, ಓಜೋನ್ ಅದನ್ನು ಬೇಗ ಮುರಿಯಲಾರವು. ಸರಪಳಿಯ ಇಕ್ಕೆಲಗಳಲ್ಲಿ ಮೀಥೈಲ್ ಗುಂಪುಗಳಿದ್ದರೆ ಅದಕ್ಕೆ ಪಾಲಿಡೈಮೀಥೈಲ್‌ಸಿಲೋಕ್ಸೇನ್ ಎಂದು ಹೆಸರು. ಮನೆಯಲ್ಲಿ ಕಾಣುವ ಸಿಲಿಕೋನ್ ಬಹುಮಟ್ಟಿಗೆ ಇದೇ. ಈ ಗುಂಪುಗಳಿಂದಾಗಿ ನೀರು ಅದರ ಮೇಲೆ ನಿಲ್ಲದೆ ಜಾರುತ್ತದೆ, ಹಿಟ್ಟು ಅಂಟುವುದಿಲ್ಲ. ಬಿಸ್ಫಿನಾಲ್-ಎ ಇದರ ತಯಾರಿಕೆಗೆ ಬೇಕಾಗಿಯೇ ಇಲ್ಲ. ವಿನೈಲ್ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಸೇರಿಸುವ ಥಾಲೇಟುಗಳ ಅಗತ್ಯವೂ ಇಲ್ಲ. ಸಿಲಿಕೋನ್ ಹುಟ್ಟಿನಿಂದಲೇ ಮೆತ್ತನೆಯದು.

ಹೊಟ್ಟೆಗೆ ಹೋದರೆ

ಸಿಲಿಕೋನನ್ನು ನಾವು ತಿಳಿದೂ ತಿಳಿಯದೆಯೂ ತಿನ್ನುತ್ತೇವೆ. ಹೊಟ್ಟೆಯುಬ್ಬರ, ಹುಳಿತೇಗು ಎಂದಾಗ ಕುಡಿಯುವ ಅನೇಕ ಗುಲಾಬಿ, ಬಿಳಿ ಸಿರಪ್ಪುಗಳ ಮೇಲೆ ಸಿಮೆಥಿಕೋನ್ ಎಂದು ಬರೆದಿರುತ್ತದೆ; ಹೊಟ್ಟೆನೋವೆಂದು ಅಳುವ ಹಸುಗೂಸುಗಳಿಗೆ ಕೊಡುವ ಹನಿಗಳಲ್ಲೂ ಅದಿರುತ್ತದೆ. ಅದು ಪಾಲಿಡೈಮೀಥೈಲ್‌ಸಿಲೋಕ್ಸೇನ್‌ಗೆ ನುಣುಪಾದ ಸಿಲಿಕಾ ಬೆರೆಸಿದ ದ್ರವ. ಕರುಳಿನಲ್ಲಿನ ನೊರೆಯ ಸಣ್ಣ ಗುಳ್ಳೆಗಳನ್ನು ಒಡೆದು, ರಕ್ತಕ್ಕೆ ಸೇರದೆ, ಮಲದೊಂದಿಗೆ ಹೊರಹೋಗುತ್ತದೆ. ಕರಿಯುವ ಎಣ್ಣೆ ನೊರೆ ಉಕ್ಕದಿರಲೆಂದು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವ 900ಎ ಸಂಖ್ಯೆಯ ಆಹಾರ ಸೇರ್ಪಡೆಯೂ ಇದೇ ವಸ್ತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಇದನ್ನು ಮತ್ತೆ ಪರಿಶೀಲಿಸಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 17 ಮಿಲಿಗ್ರಾಂವರೆಗೆ ಸೇವನೆ ಆತಂಕಕ್ಕೆ ಕಾರಣವಲ್ಲ ಎಂದಿತು. ಉದ್ದ ಸರಪಳಿಯ ಅಣು ಕರುಳಿನ ಗೋಡೆ ದಾಟಲಾರದಷ್ಟು ದೊಡ್ಡದು, ಜೀರ್ಣರಸಗಳಿಗೆ ಕರಗದಷ್ಟು ಜಡ.

ಆದರೆ ಮಾತು ಇಲ್ಲಿಗೇ ಮುಗಿಯುವುದಿಲ್ಲ. ಸಿಲಿಕೋನ್ ತಯಾರಾಗುವಾಗ ಉದ್ದ ಸರಪಳಿಗಳ ಜೊತೆಗೆ ಚಿಕ್ಕ ಚಿಕ್ಕ ಉಂಗುರಗಳೂ ಉಳಿದುಬಿಡುತ್ತವೆ. ನಾಲ್ಕು, ಐದು, ಆರು ಸಿಲಿಕಾನ್ ಪರಮಾಣುಗಳ ಈ ಉಂಗುರಗಳನ್ನು ಡಿ4, ಡಿ5, ಡಿ6 ಎಂದು ಕರೆಯುವುದು ವಾಡಿಕೆ. ಇವು ಸಣ್ಣವು, ಆವಿಯಾಗಬಲ್ಲವು, ಕೊಬ್ಬಿನಲ್ಲಿ ಕರಗಬಲ್ಲವು. ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ ಡಿ4ನ್ನು ಯುರೋಪು ‘ಸಂತಾನಶಕ್ತಿಗೆ ಹಾನಿ ಮಾಡುವ ಶಂಕೆಯುಳ್ಳದ್ದು’ ಎಂದು ವರ್ಗೀಕರಿಸಿದೆ. ಸಿಲಿಕೋನ್ ಸುರಕ್ಷತೆಯ ಬಗ್ಗೆ ಗಂಭೀರವಾದ ಚರ್ಚೆ ನಡೆಯುವುದೆಲ್ಲ ಈ ಉಂಗುರಗಳ ಸುತ್ತ, ರಬ್ಬರಿನ ಸುತ್ತ ಅಲ್ಲ.

ಬೇಯಿಸಿ ಹದಗೊಳಿಸುವುದು

ಒಳ್ಳೆಯ ಅಚ್ಚಿಗೂ ಕಳಪೆ ಅಚ್ಚಿಗೂ ಇರುವ ವ್ಯತ್ಯಾಸ ಕಾರ್ಖಾನೆಯ ಕೊನೆಯ ಹಂತದಲ್ಲಿದೆ. ಗೋಂದಿನಂಥ ಸಿಲಿಕೋನನ್ನು ರಬ್ಬರಾಗಿಸಲು ಸರಪಳಿಗಳನ್ನು ಒಂದಕ್ಕೊಂದು ಹೆಣೆಯಬೇಕು. ಅದಕ್ಕೆ ಎರಡು ದಾರಿ. ಪೆರಾಕ್ಸೈಡ್ ಬಳಸುವುದು ಅಗ್ಗ. ಆದರೆ ಆ ಪೆರಾಕ್ಸೈಡ್ ಒಡೆದು ಉಳಿಯುವ ಚೂರುಗಳು ರಬ್ಬರಿನೊಳಗೇ ಇರುತ್ತವೆ, ಅವಕ್ಕೆ ವಾಸನೆಯೂ ಉಂಟು. ಪ್ಲಾಟಿನಂ ವೇಗವರ್ಧಕ ಬಳಸುವುದು ದುಬಾರಿ. ಅದರಲ್ಲಿ ಅಂಥ ಉಳಿಕೆ ಇಲ್ಲ. ಮಗುವಿನ ನಿಪ್ಪಲ್, ವೈದ್ಯಕೀಯ ನಳಿಕೆ, ಮುಟ್ಟಿನ ಕಪ್ ಮುಂತಾದವಕ್ಕೆ ಎರಡನೆಯದನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಇದು.

ಅಚ್ಚಿನಿಂದ ತೆಗೆದ ಮೇಲೆ ವಸ್ತುವನ್ನು ಗಾಳಿಯಾಡುವ ಬಿಸಿ ಒಲೆಯಲ್ಲಿ, ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 4 ಗಂಟೆ, ಮತ್ತೆ ಬೇಯಿಸಬೇಕು. ಉಳಿದ ಉಂಗುರಗಳೂ ಪೆರಾಕ್ಸೈಡಿನ ಚೂರುಗಳೂ ಆಗ ಆವಿಯಾಗಿ ಹೋಗುತ್ತವೆ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ತನ್ನ 15ನೆಯ ಶಿಫಾರಸಿನಲ್ಲಿ ಕೇಳುವುದೂ ಇದನ್ನೇ: ಸಿದ್ಧವಾದ ವಸ್ತುವನ್ನು 200 ಡಿಗ್ರಿಯಲ್ಲಿ 4 ಗಂಟೆ ಇಟ್ಟರೆ ಅದರಿಂದ ಹಾರಿಹೋಗುವ ಅಂಶ ಶೇ. 0.5ನ್ನು ಮೀರಬಾರದು. ಈ ಹಂತಕ್ಕೆ ವಿದ್ಯುತ್ತೂ ಹೊತ್ತೂ ಖರ್ಚಾಗುವುದರಿಂದ ಅಗ್ಗದ ಸರಕು ತಯಾರಿಸುವವರು ಕೈಬಿಡುವುದು ಮೊದಲು ಇದನ್ನೇ. ತೆರೆದ ಕೂಡಲೇ ರಬ್ಬರಿನ ಘಾಟು ಹೊಡೆಯುವ, ತೊಳೆದರೂ ಆ ಘಾಟು ಹೋಗದ ಅಚ್ಚಿನಲ್ಲಿ ಅಡುಗೆ ಮಾಡಬಾರದು ಎಂದು ನಾನು ಹೇಳುವುದು ಈ ಕಾರಣದಿಂದ.

ಚಿವುಟಿ ತಿರುಚಿದಾಗ ಬಿಳಿ ಗೆರೆ ಮೂಡಿದರೆ ಸುಣ್ಣದ ಪುಡಿಯಂಥ ಬೆರಕೆ ಇದೆಯೆಂದು ಹೇಳುವ ಪರೀಕ್ಷೆ ಎಲ್ಲೆಡೆ ಹರಡಿದೆ. ಅದೊಂದು ಸುಳಿವು ಮಾತ್ರ, ತೀರ್ಪಲ್ಲ. ಗಟ್ಟಿತನಕ್ಕಾಗಿ ಸಿಲಿಕಾ ಪುಡಿಯನ್ನು ಒಳ್ಳೆಯ ಸಿಲಿಕೋನಿಗೂ ಬೆರೆಸುತ್ತಾರೆ, ಬಣ್ಣ ಹಾಕಿದ ವಸ್ತು ಎಳೆದಾಗ ಮಾಸಲಾಗುವುದೂ ಸಹಜ. ಉರಿಸಿದರೆ ಸಿಲಿಕೋನ್ ಬಿಳಿ ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕಿ ಕರಿಹೊಗೆ ಬಿಡುತ್ತದೆ ಎನ್ನುವುದು ನಿಜವಾದರೂ ಮನೆಯಲ್ಲಿ ಮಾಡಿ ನೋಡುವಂಥ ಪರೀಕ್ಷೆ ಅದಲ್ಲ.

ಅಡುಗೆಮನೆಯಲ್ಲಿ

ಕಾವು ಮತ್ತು ಜಿಡ್ಡು, ಇವೆರಡೇ ಇಲ್ಲಿ ಲೆಕ್ಕಕ್ಕೆ ಬರುವುವು. ನೀರು, ಮಂಜುಗಡ್ಡೆ, ಜ್ಯೂಸ್, ಮೊಸರು ಇವುಗಳಿಗೆ ಸಿಲಿಕೋನಿನಿಂದ ಸೇರುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಉಂಗುರಗಳು ಕೊಬ್ಬಿಗೆ ಒಲಿಯುವುದರಿಂದ ಬೆಣ್ಣೆ ತುಂಬಿದ ಕೇಕು, ಚೀಸ್, ಮಾಂಸದಂಥ ತಿನಿಸಿನಲ್ಲಿ, ಅದೂ ಬಿಸಿಯಾದಾಗ, ಹೆಚ್ಚು ಇಳಿಯುತ್ತವೆ. ಯುರೋಪಿನ ಪ್ರಯೋಗಾಲಯಗಳು ಬೇಕಿಂಗ್ ಅಚ್ಚುಗಳನ್ನು ಹಲವು ಸಲ ಬಳಸಿ ನೋಡಿದಾಗ ಮೊದಲ ಕೆಲವು ಬಳಕೆಗಳಲ್ಲೇ ಹೆಚ್ಚು ಇಳಿದು, ಆಮೇಲೆ ಇಳಿಕೆ ಕಡಿಮೆಯಾಗುತ್ತ ಹೋಗುವುದು ಕಂಡುಬಂದಿದೆ. ಹೊಸ ಅಚ್ಚನ್ನು ಬಿಸಿನೀರಿನಲ್ಲಿ ತೊಳೆದು, ಏನನ್ನೂ ತುಂಬದೆ ತಯಾರಕರು ಹೇಳಿದ ಮಿತಿಯೊಳಗೆ ಒಮ್ಮೆ ಒಲೆಯಲ್ಲಿಟ್ಟು, ಕಿಟಕಿ ತೆರೆದು ಆ ಆವಿಯನ್ನು ಹೊರಗೆ ಹೋಗಗೊಟ್ಟರೆ ಕಾರ್ಖಾನೆ ಬಿಟ್ಟ ಕೆಲಸದ ಸ್ವಲ್ಪ ಭಾಗ ಮನೆಯಲ್ಲೇ ಆಗುತ್ತದೆ.

ಕನ್ನಡದ ಮನೆಗಳಲ್ಲಿ ಕೇಕಿನ ಅಚ್ಚಿಗಿಂತ ಹೆಚ್ಚಾಗಿ ಕಾಣುವುದು ಕುಕ್ಕರ್ ಗ್ಯಾಸ್ಕೆಟ್. ಹಿಂದೆ ಅದು ಕಪ್ಪು ನೈಟ್ರೈಲ್ ರಬ್ಬರಿನದು. ಈಗ ಬಿಳಿಯ, ಬಣ್ಣದ ಸಿಲಿಕೋನ್ ಗ್ಯಾಸ್ಕೆಟ್ಟುಗಳೂ ಬಂದಿವೆ. ಕುಕ್ಕರಿನೊಳಗೆ ಕಾವು ಏರುವುದು ಸುಮಾರು 120 ಡಿಗ್ರಿವರೆಗೆ. ಸಿಲಿಕೋನ್ ರಬ್ಬರು 200 ಡಿಗ್ರಿಯವರೆಗೂ ತಾಳಿಕೊಳ್ಳುವುದರಿಂದ ರಾಸಾಯನಿಕವಾಗಿ ಇದು ಅದಕ್ಕೆ ತೀರ ಹಗುರವಾದ ಕೆಲಸ. ಅಲ್ಲದೆ ಗ್ಯಾಸ್ಕೆಟ್ಟಿಗೆ ತಾಗುವುದು ಹೆಚ್ಚಾಗಿ ಹಬೆ, ಬೇಳೆಯಲ್ಲ. ಇಲ್ಲಿನ ಅಪಾಯ ಬೇರೆ ಬಗೆಯದು. ಹಳೆಯದಾಗಿ ಹಿಗ್ಗಿದ, ಬಿರುಕು ಬಿಟ್ಟ ಗ್ಯಾಸ್ಕೆಟ್ ಹಬೆಯನ್ನು ಸರಿಯಾಗಿ ಹಿಡಿಯದು. ಬೇರೆ ಅಳತೆಯದನ್ನು ತುರುಕಿದರೆ ಮುಚ್ಚಳ ಸರಿಯಾಗಿ ಕೂರದು. ಸಡಿಲವಾದದ್ದನ್ನು ತಣ್ಣೀರಿನಲ್ಲೋ ಫ್ರೀಜರಿನಲ್ಲೋ ಇಟ್ಟು ಮತ್ತೆ ಹಾಕುವುದು ನಮ್ಮಲ್ಲಿ ಸಾಮಾನ್ಯ. ಆ ಉಪಾಯ ಬೇಕಾಯಿತೆಂದರೆ ಅದನ್ನು ಬದಲಿಸುವ ಕಾಲ ಬಂತೆಂದೇ ತಿಳಿಯಬೇಕು. ಮನೆಬಳಕೆಯ ಪ್ರೆಷರ್ ಕುಕ್ಕರಿಗೆ ಭಾರತದಲ್ಲಿ ಐಎಸ್ 2347 ಮಾನದಂಡದ ಐಎಸ್‌ಐ ಗುರುತು ಕಡ್ಡಾಯ; ಗ್ಯಾಸ್ಕೆಟ್ ಕೊಳ್ಳುವಾಗಲೂ ಅದೇ ಕುಕ್ಕರಿಗೆಂದು ಮಾಡಿದ್ದನ್ನೇ ಕೇಳಿ ಪಡೆಯುವುದು ಒಳ್ಳೆಯದು. ತೊಳೆದರೂ ಹೋಗದ ಸಾರಿನ ವಾಸನೆ ಕೊಳೆಯ ಲಕ್ಷಣವಲ್ಲ. ಸಿಲಿಕೋನ್ ಅನಿಲಗಳಿಗೂ ಸುವಾಸನೆಯ ಎಣ್ಣೆಗಳಿಗೂ ದಾರಿ ಬಿಡುವ ವಸ್ತು. ಇಂಗು, ಬೆಳ್ಳುಳ್ಳಿ ಅದರೊಳಗೆ ಇಳಿದು ಕೂರುತ್ತವೆ. ಬಿಸಿಲಿಗೆ ಒಣಹಾಕಿದರೆ ವಾಸನೆ ತಗ್ಗುತ್ತದೆ, ರಬ್ಬರಿಗೆ ಬಿಸಿಲಿನಿಂದ ಕೆಡುಕಿಲ್ಲ.

ದೋಸೆಯ ಕಾವಲಿಯದು ಕುಕ್ಕರಿಗೆ ವಿರುದ್ಧವಾದ ಕಥೆ. ಕಾವಲಿಗೆ ಎಣ್ಣೆ ಸವರಲು ಅರ್ಧ ಹೆಚ್ಚಿದ ಈರುಳ್ಳಿ, ಬದನೆಕಾಯಿಯ ತೊಟ್ಟು, ತೆಂಗಿನ ನಾರು ಬಳಸುತ್ತಿದ್ದ ಕೈಗಳಿಗೆ ಈಗ ಸಿಲಿಕೋನ್ ಬ್ರಷ್ ಬಂದಿದೆ. ಕಬ್ಬಿಣದ ಕಾವಲಿ ಎಷ್ಟು ಕಾದಿದೆಯೆಂದು ಯಾರೂ ಅಳೆಯುವುದಿಲ್ಲ. ನೀರು ಚಿಮುಕಿಸಿ ನೋಡುತ್ತಾರೆ. ಹನಿ ‘ಚುಯ್’ ಎಂದು ಕುದಿದು ಆರಿದರೆ ಕಾವು ಹಿಡಿತದಲ್ಲಿದೆ. ಹನಿಗಳು ಮಣಿಗಳಂತೆ ಉರುಳಿ ಕುಣಿಯತೊಡಗಿದರೆ ಕಾವಲಿ ಸುಮಾರು 200 ಡಿಗ್ರಿ ಮುಟ್ಟಿದೆ ಅಥವಾ ದಾಟಿದೆ, ಎಂದರೆ ಸಿಲಿಕೋನಿನ ಗಡಿಗೆ ಬಂದಿದೆ. ಆಗ ನೀರು ಚಿಮುಕಿಸಿ, ಉರಿ ತಗ್ಗಿಸಿ, ಆಮೇಲೆ ಬ್ರಷ್ ಆಡಿಸಬೇಕು. ಒಂದೆರಡು ಕ್ಷಣ ತಾಗಿದರೆ ಏನೂ ಆಗದು. ಬ್ರಷ್ಷನ್ನೋ ಸಟ್ಟುಗವನ್ನೋ ಕಾವಲಿಯ ಅಂಚಿಗೆ ಒರಗಿಸಿ ಮರೆಯುವುದು ತಪ್ಪು. ಸಿಲಿಕೋನ್ ಪ್ಲಾಸ್ಟಿಕ್ಕಿನಂತೆ ಕರಗಿ ಎಚ್ಚರಿಕೆ ಕೊಡುವುದಿಲ್ಲ. 150 ಡಿಗ್ರಿ ದಾಟಿದ ಮೇಲೆ ಗಾಳಿಯೊಡನೆ ಸೇರಿ ಅತ್ಯಲ್ಪ ಫಾರ್ಮಾಲ್ಡಿಹೈಡ್ ಬಿಡಲಾರಂಭಿಸುತ್ತದೆ. 300 ಡಿಗ್ರಿಯ ಆಚೆ ಸರಪಳಿಯೇ ತುಂಡಾಗಿ ಮತ್ತೆ ಉಂಗುರಗಳಾಗುತ್ತದೆ. ಅಂಚು ಅಂಟಂಟಾಗಿದ್ದರೆ, ಸುಣ್ಣ ಬಳಿದಂತೆ ಬಿಳಿಚಿ ಉದುರುತ್ತಿದ್ದರೆ ಅದನ್ನು ಎಸೆಯಬೇಕು. ವಡೆ, ಬೋಂಡ ಕರಿಯುವ ಎಣ್ಣೆ 170ರಿಂದ 190 ಡಿಗ್ರಿಯಷ್ಟಿರುತ್ತದೆ. ಕಾವು, ಜಿಡ್ಡು ಎರಡೂ ಒಟ್ಟಿಗೆ ಇರುವ ಜಾಗ ಅದು. ಅಲ್ಲಿಗೆ ನನ್ನ ಆಯ್ಕೆ ಈಗಲೂ ಕಬ್ಬಿಣದ ಅಥವಾ ಸ್ಟೀಲಿನ ಜಾಲರಿಯೇ. ಒಗ್ಗರಣೆಗೂ ಅಷ್ಟೆ.

ಮೈಕ್ರೋವೇವ್ ಕಿರಣಗಳು ಸಿಲಿಕೋನನ್ನು ನೇರವಾಗಿ ಹೆಚ್ಚು ಬಿಸಿ ಮಾಡವು. ಒಳಗಿನ ಆಹಾರ ಬಿಸಿಯಾಗುತ್ತದೆ. ತುಪ್ಪ, ಬೆಲ್ಲದ ಪಾಕ ಮಾತ್ರ ನೀರಿಗಿಂತ ಬಹಳ ಹೆಚ್ಚು ಕಾಯಬಲ್ಲವು ಎಂಬುದನ್ನು ನೆನಪಿಡಬೇಕು.

ಮಕ್ಕಳು, ಮಹಿಳೆಯರು

ಬಾಟಲಿಯ ನಿಪ್ಪಲ್ ವಿಷಯದಲ್ಲಿ ಸಿಲಿಕೋನಿನ ಪರವಾಗಿ ಹೇಳಬೇಕಾದ್ದು ಹೆಚ್ಚು. ಹಳದಿ ಬಣ್ಣದ ಸಹಜ ರಬ್ಬರ್ ನಿಪ್ಪಲ್ಲುಗಳನ್ನು ಹದಗೊಳಿಸುವ ರಾಸಾಯನಿಕಗಳಿಂದ ನೈಟ್ರೋಸಮೀನುಗಳು ಹುಟ್ಟುತ್ತವೆಂದು ತಿಳಿದ ಮೇಲೆ ಯುರೋಪು 1993ರಲ್ಲಿ ಅವಕ್ಕೆ ಪ್ರತಿ ಕಿಲೋಗೆ 0.01 ಮಿಲಿಗ್ರಾಂ ಮಿತಿ ಹಾಕಿತು. ಸಿಲಿಕೋನಿಗೆ ಆ ರಾಸಾಯನಿಕಗಳು ಬೇಡ. ರಬ್ಬರಿನ ಪ್ರೋಟೀನಿನಿಂದಾಗುವ ಅಲರ್ಜಿಯೂ ಇಲ್ಲ. ಕುದಿಸಿದರೂ ಕೆಡದು. ಅದರ ದೌರ್ಬಲ್ಯ ಹರಿಯುವುದು: ಒಮ್ಮೆ ಸಣ್ಣ ಗೀರು ಬಿತ್ತೆಂದರೆ ಅಲ್ಲಿಂದಲೇ ಸರಕ್ಕನೆ ಸೀಳುತ್ತದೆ. ಹಲ್ಲು ಬಂದ ಮಗು ಕಚ್ಚಿ ತೆಗೆದ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಆದ್ದರಿಂದ ಪ್ರತಿ ಸಲ ಕೊಡುವ ಮೊದಲು ನಿಪ್ಪಲನ್ನು ಎಳೆದು, ಬೆಳಕಿಗೆ ಹಿಡಿದು ನೋಡಬೇಕು. ರಾಸಾಯನಿಕಕ್ಕಿಂತ ಹೆಚ್ಚಿನ ಭಯ ಕೊಳೆಯದು; ಸರಿಯಾಗಿ ತೊಳೆಯದ ನಿಪ್ಪಲ್ಲಿನಿಂದ ಬರುವ ವಾಂತಿಭೇದಿಯ ಮುಂದೆ ಉಂಗುರಗಳ ಚಿಂತೆ ತೀರ ಚಿಕ್ಕದು.

ಮುಟ್ಟಿನ ಕಪ್ಪುಗಳು ಬಹುಪಾಲು ವೈದ್ಯಕೀಯ ದರ್ಜೆಯ ಸಿಲಿಕೋನಿನವು. 2019ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆ 43 ಅಧ್ಯಯನಗಳ, ಸುಮಾರು 3,300 ಮಂದಿಯ ಅನುಭವದ ಸಮೀಕ್ಷೆ ಪ್ರಕಟಿಸಿತು. ಸೋರಿಕೆ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆ. ಗಂಭೀರ ತೊಂದರೆ ವಿರಳ. ಆಘಾತಕಾರಿ ಸೋಂಕಿನ ವರದಿಗಳು ಸಿಕ್ಕಿದ್ದು ಐದು. ಕರ್ನಾಟಕದ ಆರೋಗ್ಯ ಇಲಾಖೆ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ‘ಮೈತ್ರಿ’ ಹೆಸರಿನಲ್ಲಿ ವಿದ್ಯಾರ್ಥಿನಿಯರಿಗೆ ಕಪ್ ಹಂಚಿದಾಗ ಅನೇಕ ಮನೆಗಳಲ್ಲಿ ಮೊದಲ ಬಾರಿಗೆ ಈ ವಿಷಯ ಬಾಯಿಬಿಟ್ಟು ಚರ್ಚೆಯಾಯಿತೆಂಬುದು ಸಂತೋಷದ ಸಂಗತಿ. ಕೈ ತೊಳೆಯುವುದು, ಹೇಳಿದ ಗಂಟೆಗಳೊಳಗೆ ಬರಿದುಮಾಡುವುದು, ಪ್ರತಿ ತಿಂಗಳು ಕುದಿಸುವುದು: ಕಪ್ಪಿನ ಸುರಕ್ಷತೆ ನಿಂತಿರುವುದು ಇವುಗಳ ಮೇಲೆ.

ಸಿಲಿಕೋನ್ ಎಂದ ಕೂಡಲೇ ಕೆಲವರಿಗೆ ನೆನಪಾಗುವ ಭಯ ಸ್ತನ ಕಸಿಯದು. ಅಮೆರಿಕ 1992ರಲ್ಲಿ ಸಿಲಿಕೋನ್ ಜೆಲ್ ಕಸಿಯನ್ನು ಬಹುಮಟ್ಟಿಗೆ ತಡೆದು, 2006ರಲ್ಲಿ ಮತ್ತೆ ಒಪ್ಪಿತು. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ದರ್ಜೆಯ ಬದಲು ಕೈಗಾರಿಕಾ ದರ್ಜೆಯ ಅಗ್ಗದ ಜೆಲ್ ತುಂಬಿದ್ದು ಬಯಲಾಗಿ, ಅದರ ಸ್ಥಾಪಕನಿಗೆ ಜೈಲುಶಿಕ್ಷೆಯಾಯಿತು. ದೇಹದೊಳಗೆ ವರ್ಷಗಟ್ಟಲೆ ಇರುವ ಜೆಲ್ ಚೀಲಕ್ಕೂ ಅಡುಗೆಮನೆಯ ಸಟ್ಟುಗಕ್ಕೂ ಹೋಲಿಕೆಯಿಲ್ಲ. ಆದರೆ ದರ್ಜೆಯ ಹೆಸರಿನಲ್ಲಿ ಎಂಥ ಮೋಸ ನಡೆಯಬಹುದೆಂಬುದಕ್ಕೆ ಆ ಪ್ರಕರಣ ಸಾಕ್ಷಿ.

ಸೀಲೆಂಟ್ ಮತ್ತು ಸೀರಮ್

ನನ್ನ ಅಭಿಪ್ರಾಯದಲ್ಲಿ ಮನೆಯೊಳಗೆ ಹೆಚ್ಚು ಎಚ್ಚರ ಬೇಡುವುದು ತಟ್ಟೆಯ ಬಳಿಯ ಸಿಲಿಕೋನ್ ಅಲ್ಲ, ಗೋಡೆಯ ಸಂದಿನದು. ಸಿಂಕು, ಕಿಟಕಿ, ಬಚ್ಚಲಿನ ಅಂಚಿಗೆ ಹಾಕುವ ಸೀಲೆಂಟ್ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಆಗ ಏನಾದರೊಂದು ಆವಿ ಬಿಡುತ್ತದೆ. ವಿನಿಗರ್ ವಾಸನೆ ಬಂದರೆ ಅದು ಅಸಿಟಿಕ್ ಆಮ್ಲ, ಕಣ್ಣು ಮೂಗು ಉರಿಯುತ್ತವೆ. ‘ನ್ಯೂಟ್ರಲ್’ ಎಂದು ಬರೆದ ಹಲವು ಟ್ಯೂಬುಗಳು ಬಿಡುವುದು ಮೀಥೈಲ್ ಈಥೈಲ್ ಕೀಟಾಕ್ಸೈಮ್. ಅದಕ್ಕೆ ಘಾಟು ಕಡಿಮೆ. ಆದರೆ ಯುರೋಪು ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ. ಮೂಗಿಗೆ ಹಿತವಾದದ್ದೇ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಸೀಲೆಂಟ್ ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳದಷ್ಟೇ ಗಟ್ಟಿಯಾಗುವುದರಿಂದ ಕೆಲಸ ಮುಗಿದ ಮೇಲೂ ಒಂದೆರಡು ದಿನ ಕಿಟಕಿ ತೆರೆದಿಡಬೇಕು, ಹಸುಗೂಸನ್ನು ಆ ಕೋಣೆಯಲ್ಲಿ ಮಲಗಿಸಬಾರದು. ದಿನವಿಡೀ ಇದನ್ನೇ ಹಾಕುವ ಕೆಲಸಗಾರನಿಗೆ ಕೈಗವಸು, ಗಾಳಿ ಎರಡೂ ಬೇಕು. ನಮ್ಮ ಕಟ್ಟಡಗಳಲ್ಲಿ ಅವನಿಗೆ ಇವು ಸಿಗುವುದು ಅಪರೂಪ ಎಂಬುದು ನೋವಿನ ಮಾತು. ಬಚ್ಚಲಿನ ಸೀಲೆಂಟಿಗೆ ಬೂಷ್ಟು ತಡೆಯುವ ವಿಷ ಬೆರೆಸಿರುತ್ತಾರೆ: ಅದರಿಂದ ಮೀನಿನ ತೊಟ್ಟಿ ಅಂಟಿಸಿದರೆ ಮೀನು ಸಾಯುತ್ತವೆ, ಅಡುಗೆ ಪಾತ್ರೆಯ ಹಿಡಿಯನ್ನು ಅಂಟಿಸಲೂಬಾರದು.

ಕೂದಲಿನ ಸೀರಮ್, ಕಂಡೀಷನರುಗಳಲ್ಲಿ ಸೈಕ್ಲೋಪೆಂಟಾಸಿಲೋಕ್ಸೇನ್ ಎಂಬ ಹೆಸರು ಕಂಡರೆ ಅದೇ ಡಿ5. ಚರ್ಮದ ಮೇಲಿಂದ ಬಹುಪಾಲು ಆವಿಯಾಗಿ ಹೋಗುತ್ತದೆ. ಅದನ್ನು ಹಚ್ಚಿ ಬಿಸಿ ಇಸ್ತ್ರಿಯಿಂದ ಕೂದಲು ನೆಟ್ಟಗೆ ಮಾಡಿಕೊಂಡರೆ ಮುಚ್ಚಿದ ಕೋಣೆಯಲ್ಲಿ ಆ ಆವಿ ಗಣನೀಯವಾಗಿ ಏರುತ್ತದೆ ಎಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ತೋರಿಸಿದ್ದಾರೆ. ಯುರೋಪು 2018ರಲ್ಲಿ ಡಿ4, ಡಿ5, ಡಿ6 ಮೂರನ್ನೂ ತೀವ್ರ ಕಾಳಜಿಯ ವಸ್ತುಗಳೆಂದು ಗುರುತಿಸಿತು. ಕಾರಣ ಮನುಷ್ಯನಿಗಿಂತ ನೀರು: ಅವು ಬೇಗ ನಾಶವಾಗವು, ಜಲಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತವೆ. 2020ರಿಂದ ತೊಳೆದುಹೋಗುವ ಸೌಂದರ್ಯವರ್ಧಕಗಳಲ್ಲಿ ಡಿ4, ಡಿ5 ಶೇ. 0.1ಕ್ಕಿಂತ ಕಡಿಮೆಯಿರಬೇಕೆಂದು ವಿಧಿಸಿ, 2024ರಲ್ಲಿ ಆ ನಿರ್ಬಂಧವನ್ನು ಡಿ6ಕ್ಕೂ ಹಚ್ಚಿಕೊಂಡು ಬಿಡುವ ಪದಾರ್ಥಗಳಿಗೂ ವಿಸ್ತರಿಸಿತು. ಕೆನಡಾದಲ್ಲಿ ಡಿ5 ಕುರಿತು ನೇಮಿಸಿದ ಪರಿಶೀಲನಾ ಮಂಡಳಿ 2011ರಲ್ಲಿ ಅದರಿಂದ ಪರಿಸರಕ್ಕೆ ಅಪಾಯವಿಲ್ಲ ಎಂದಿತ್ತು. ಒಂದೇ ವಸ್ತುವಿನ ಬಗ್ಗೆ ಎರಡು ನಾಡುಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದಿವೆ. ನನಗೆ ಯುರೋಪಿನ ಎಚ್ಚರವೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಹೊಳೆಗೆ ಸೇರಿದ್ದನ್ನು ಹಿಂದೆ ತೆಗೆಯುವ ಉಪಾಯ ಯಾರಲ್ಲೂ ಇಲ್ಲ.

ಗುರುತುಗಳು

ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದುವಾಗ ಜಾಗ್ರತೆ ಬೇಕು. ‘ಎಫ್‌ಡಿಎ’ ಎಂದರೆ ಅಮೆರಿಕದ ಆ ಇಲಾಖೆ ನಿಮ್ಮ ಕೈಯಲ್ಲಿರುವ ಸಟ್ಟುಗವನ್ನು ಪರೀಕ್ಷಿಸಿದೆ ಎಂದಲ್ಲ. ಮರುಬಳಕೆಯ ರಬ್ಬರು ವಸ್ತುಗಳ ಕುರಿತಾದ ಅಲ್ಲಿನ ನಿಯಮದಂತೆ ಇದರ ಪದಾರ್ಥಗಳಿವೆ ಎಂದು ತಯಾರಕ ಹೇಳಿಕೊಳ್ಳುತ್ತಿದ್ದಾನೆ. ‘ಎಲ್‌ಎಫ್‌ಜಿಬಿ’ ಜರ್ಮನಿಯ ಆಹಾರ ಕಾಯಿದೆಯ ಹೆಸರು. ಹಾರಿಹೋಗುವ ಅಂಶದ ಮಿತಿ, ರುಚಿ ವಾಸನೆಗಳ ಪರೀಕ್ಷೆ ಅದರಡಿ ಬರುವುದರಿಂದ ಅಡುಗೆಯ ವಸ್ತುಗಳಿಗೆ ಅದು ಹೆಚ್ಚು ಬಿಗಿ. ಆದರೆ ಎರಡನ್ನೂ ಯಾರು ಬೇಕಾದರೂ ಮುದ್ರಿಸಬಹುದು. ತಯಾರಕರ ಹೆಸರು ವಿಳಾಸ, ತಾಳುವ ಕಾವಿನ ಮಿತಿ ಎರಡೂ ಇಲ್ಲದ ಸರಕನ್ನು, ಬಣ್ಣ ಎಷ್ಟೇ ಚೆಂದವಿರಲಿ, ಬಿಸಿ ಅಡುಗೆಗೆ ಬಳಸದಿರುವುದು ಒಳ್ಳೆಯದು. ಅದರಲ್ಲಿ ಐಸ್ ಮಾಡಿಕೊಳ್ಳಬಹುದು.

ಕೆಟ್ಟ ಮೇಲೆ

ಹಳೆಯ ಗ್ಯಾಸ್ಕೆಟ್ಟನ್ನು, ಅಚ್ಚನ್ನು ಗುಜರಿಯವರು ಕೊಳ್ಳುವುದಿಲ್ಲ. ಸಿಲಿಕೋನನ್ನು ಒಡೆದು ಮತ್ತೆ ಎಣ್ಣೆಯಾಗಿಸುವ ಕಾರ್ಖಾನೆಗಳಿಗೆ ಮನೆಯ ಕಸದಿಂದ ಅದು ತಲುಪುವುದು ಅಪರೂಪ. ಅದು ಚೂರುಚೂರಾಗದೆ ಬಹುಕಾಲ ಬಾಳುತ್ತದೆ. ಸಿಲಿಕೋನ್ ಎಣ್ಣೆ ಒಣ ಮಣ್ಣಿಗೆ ಬಿದ್ದರೆ ಜೇಡಿಯ ಸಂಗದಲ್ಲಿ ನಿಧಾನವಾಗಿ ಒಡೆದು ಕೊನೆಗೆ ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಸಿಲಿಕಾ ಆಗುತ್ತದೆ. ಚರಂಡಿಗೆ ಹೋದ ಸೀರಮ್, ಶಾಂಪೂಗಳಲ್ಲಿನ ಉಂಗುರಗಳು ಕೊಳಚೆ ನೀರಿನ ಶುದ್ಧೀಕರಣ ಘಟಕದ ಕೆಸರಿನಲ್ಲಿ ಸೇರಿ, ಅಲ್ಲಿ ಹುಟ್ಟುವ ಜೈವಿಕ ಅನಿಲದೊಡನೆ ಮೇಲೇಳುತ್ತವೆ. ಆ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ತೆಗೆಯುವವರಿಗೆ ಇದು ದೊಡ್ಡ ತಲೆನೋವು. ಉರಿದ ಉಂಗುರಗಳು ಸಿಲಿಕಾ ಆಗಿ ಎಂಜಿನ್ನಿನ ಒಳಮೈಗೆ ಗಟ್ಟಿಯಾಗಿ ಹತ್ತಿಕೊಳ್ಳುತ್ತವೆ; ಅದನ್ನು ತಡೆಯಲು ಅನಿಲವನ್ನು ಮೊದಲು ಇದ್ದಿಲಿನ ಹಾಸಿನ ಮೂಲಕ ಹಾಯಿಸುತ್ತಾರೆ.